ಇಂಗ್ಲಿಷಿಗೆ ಹಾಲಿಳಿಸುವ ಹಸು

ನನ್ನ ತವರಿನ ಹಸುವಿಗೆ ಇಂಗ್ಲಿಷ್ ಕೇಳಿಸದಿದ್ದರೆ ಹಾಲು ಇಳಿಯುವುದಿಲ್ಲ. ಇದನ್ನು ನಾನು ಮಳವಳ್ಳಿಯಲ್ಲಿ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ಅಲ್ಲಿನ ಒಂದು ಶಾಲೆಯಲ್ಲಿ ನಾನು ಇಂಗ್ಲಿಷ್ ಮೇಡಂ. ವರ್ಷವಿಡೀ ಗಂಟಲು ಹರಿದುಕೊಂಡರೂ ಆರನೇ ಕ್ಲಾಸಿನವರು ‘ಟೂ ಬುಕ್’ ಎಂದೇ ಬರೆಯುತ್ತಾರೆ. ಮಕ್ಕಳಿಗೆ ಹತ್ತದ ಪಾಠ ದನಕ್ಕೆ ಹತ್ತಿತು ಎಂದು ತಿಳಿದರೆ ಸ್ಟಾಫ್ ರೂಮಿನಲ್ಲಿ ನನ್ನ ಮಾನ ಉಳಿದೀತೇ? ಆದರೂ ಬರೆದುಬಿಡುತ್ತೇನೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಸಿಟ್ಟಂತೂ ಒಂದು ಗಳಿಗೆಯೂ ನಿಲ್ಲುವುದಿಲ್ಲ.

ಇದೆಲ್ಲ ಶುರುವಾದದ್ದು ಮದ್ದೂರಿನಲ್ಲಿ, ನನ್ನ ತಂಗಿಯ ಬೀಗರೂಟದ ದಿನ. ಮದುವೆಯ ಸಿಹಿಯೂಟವನ್ನು ಮುಖ ಸಪ್ಪಗೆ ಮಾಡಿಕೊಂಡು ಉಂಡವರೆಲ್ಲ ಆಮೇಲಿನ ಬೀಗರೂಟದಲ್ಲಿ ಮಾಂಸದ ಸಾರಿಗೆ ಕೂತು ಸೇಡು ತೀರಿಸಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಅಲ್ಲಿ ಎಲ್ಲರ ಕಣ್ಣೂ ನಲ್ಲಿಮೂಳೆಯ ಮೇಲೆ. ಒಳಗೆ ಮಜ್ಜೆ ತುಂಬಿದ ಕಾಲಿನ ಮೂಳೆ ಅದು. ಎಲೆಗೆ ಬಿತ್ತೆಂದರೆ ಎದುರಿಗೆ ಕೂತವರಿಗೆ ಹೊಟ್ಟೆಯುರಿ. ಅವ್ವನ ಎಲೆಗೆ ನಲ್ಲಿಮೂಳೆ ಬಿದ್ದರೆ ಅವಳು ಅದನ್ನು ತಿನ್ನುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಅಪ್ಪನ ಎಲೆಗೆ ಎತ್ತಿ ಹಾಕುತ್ತಿದ್ದಳು. ನನಗೆ ಬುದ್ಧಿ ಬಂದಾಗಿನಿಂದ ಇದನ್ನೇ ನೋಡಿದ್ದೇನೆ. ಬಸ್ಸಿನಲ್ಲಿ ಜಗಳವಾಡಿಕೊಂಡು ಬಂದ ದಿನವೂ ಮೂಳೆ ಮಾತ್ರ ತಪ್ಪದೆ ಎಲೆ ದಾಟುತ್ತಿತ್ತು.

ಆ ದಿನ ಎದುರು ಸಾಲಿನಲ್ಲಿ ತಂಗಿಯ ಗಂಡನ ದೊಡ್ಡಪ್ಪ ಕೂತಿದ್ದರು. ಅವರಿಗೆ ಸಿಕ್ಕವರ ಓದು ವಿಚಾರಿಸುವ ಚಟ. ಕೇಳಿದ್ದು ತಲೆಯಲ್ಲಿ ಉಳಿಯುವುದಿಲ್ಲವಾದ್ದರಿಂದ ಮುಂದಿನ ಸಲ ಸಿಕ್ಕಾಗ ಮತ್ತೆ ಅದನ್ನೇ ಕೇಳುತ್ತಾರೆ.

“ಬೀಗ್ರು ಎಲ್ಲಿಗಂಟ ಓದಿದ್ದೀರಿ?” ಎಂದು ಅಪ್ಪನನ್ನು ಕೇಳಿದರು.

“ನಮ್ದೇನ್ ಬುಡಿ ಬೀಗ್ರೆ, ಮಣ್ಣು ಕೆದ್ಕೋ ಜನ,” ಎಂದ ಅಪ್ಪ. “ಓದು ಅಂದ್ರೆ ನಮ್ಮನೆಯವ್ಳದು. ಎಸ್ಸೆಲ್ಸಿ ಗಂಟ ಓಗಿ ಇಂಗ್ಲೀಸಲ್ಲಿ ಗೋತಾ ಒಡ್ದವ್ಳೆ. ಒಂದ್ ದಪ ಅಲ್ಲ, ಎಲ್ಡ್ ದಪ!”

ಇಡೀ ಸಾಲು ಗೊಳ್ಳೆಂದಿತು. ಬಡಿಸುವವನು ಸಾರಿನ ಬಕೆಟ್ಟು ಕೆಳಗಿಟ್ಟು ನಕ್ಕ. ನಾನೂ ನಕ್ಕೆ. ಅಪ್ಪ ಈ ಮಾತನ್ನು ಮನೆಯಲ್ಲಿ ಸಾವಿರ ಸಲ ಆಡಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ ‘ಇಂಗ್ಲೀಸಲ್ಲಿ ಪೇಲಾದೋಳು’, ಬಾಗಿಲ ಚಿಲಕ ಹಾಕಲು ಮರೆತರೆ ‘ಇಂಗ್ಲೀಸಲ್ಲಿ ಪೇಲಾದೋಳು’. ನಮಗೆಲ್ಲ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. ಆದರೆ ಹೊಸ ಬೀಗರ ಮುಂದೆ ಅವನು ಹಾಗೆಂದಾಗ ಅವ್ವನ ಮುಖ ನೋಡಿದೆ. ನನ್ನ ನಗು ಅರ್ಧಕ್ಕೇ ನಿಂತಿತು.

ಆ ಹೊತ್ತಿಗೇ ಅವಳ ಎಲೆಗೆ ನಲ್ಲಿಮೂಳೆ ಬಿತ್ತು. ಅಪ್ಪ ಅಭ್ಯಾಸಬಲದಿಂದ ತನ್ನ ಎಲೆಯ ಮೇಲೆ ಜಾಗ ಮಾಡಿದ. ಅವ್ವ ಮೂಳೆ ಎತ್ತಿಕೊಂಡಳು, ಎಲೆಗೆ ಟಕಟಕ ಕುಟ್ಟಿದಳು, ಇಡೀ ಸಾಲಿಗೆ ಕೇಳುವ ಹಾಗೆ ಸುರ್ರೆಂದು ಹೀರಿದಳು. ಆಮೇಲೆ ಬರೀ ಮೂಳೆಯನ್ನು ಅಪ್ಪ ಮಾಡಿದ್ದ ಜಾಗದಲ್ಲಿ ಇಟ್ಟಳು.

ಮಾರನೆಯ ದಿನ ಬೆಳಗ್ಗೆ ನನಗೆ ಫೋನು.

“ನಂಗೆ ಎಸ್ಸೆಲ್ಸಿ ಪರೀಕ್ಸೆ ಕಟ್ಟುಸ್ಕೊಡು.”

“ಅವ್ವ, ಈಗ ಕಟ್ಟುದ್ರೆ ಹೊಸದಾಗಿ ಆರೂ ವಿಷಯ ಬರೀಬೇಕಾಯ್ತದೆ ಕಣವ್ವ.”

“ಬರೀತೀನಿ. ಇಂದಿ ಎಂಗೋ ಆಯ್ತದೆ, ಮಿಕ್ಕಿದ್ದೆಲ್ಲ ಕನ್ನಡದಾಗೆ ತಾನೆ ಇರೋದು? ಅವ ನಾ ನೋಡ್ಕತೀನಿ. ನೀನು ಇಂಗ್ಲೀಸು ಯೋಳ್ಕೊಡು. ಸಾಯೋ ಗಂಟ ನಿಮ್ಮಪ್ಪನ ಬಾಯಲ್ಲಿ ಪೇಲಾದೋಳು ಅನ್ನುಸ್ಕಂಡು ಇರಾಕೆ ನನ್ ಕೈಲಿ ಆಗಕಿಲ್ಲ.”

ಅವ್ವ ಬೇಡುವ ಪೈಕಿಯಲ್ಲ. ಮಾತು ಮುಗಿಸಿ ಫೋನು ಇಟ್ಟೇಬಿಟ್ಟಳು.

ನಮ್ಮೂರು ಇರುವುದು ಕಿರುಗಾವಲಿಗೂ ಮಳವಳ್ಳಿಗೂ ನಡುವೆ. ಅಲ್ಲಿ ಮರೆಯಾಗಿ ಕೂತು ಓದುವುದಕ್ಕೆ ಒಂದು ಮೂಲೆಯೂ ಇಲ್ಲ. ಮನೆಯೊಳಗೆ ಅಪ್ಪ, ನಾಲೆಯ ಹತ್ತಿರ ಬಟ್ಟೆ ಒಗೆಯುವವರು, ಗದ್ದೆಯ ಬದುವಿನಲ್ಲಿ ಹೋಗಿ ಬರುವವರೆಲ್ಲ. ಈ ವಯಸ್ಸಿನಲ್ಲಿ ‘ವಾಕ್’, ‘ವಾಕ್ಸ್’ ಎನ್ನುತ್ತ ಕೂತರೆ ಊರು ಸುಮ್ಮನಿರುವುದಿಲ್ಲ. ಕೊನೆಗೆ ಅವ್ವ ಜಾಗ ಹುಡುಕಿಕೊಂಡಳು. ಬೆಳಗ್ಗೆ, ಸಂಜೆ ಹಾಲು ಕರೆಯುವ ಹೊತ್ತು, ಕೊಟ್ಟಿಗೆ. ಹಸು ಯಾರಿಗೂ ನಗುವುದಿಲ್ಲ. ಹಿಂದೆ ಬುಡ್ಡಿದೀಪ ಇಡುತ್ತಿದ್ದ ಗೋಡೆಯ ಗೂಡಿನಲ್ಲಿ ಫೋನು ಒರಗಿಸಿ ಜೋರು ಮಾಡಿ ಇಡುತ್ತಿದ್ದಳು. ನಾನು ಮಳವಳ್ಳಿಯ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ಈ ಕಡೆಯಿಂದ ಪಾಠ ಹೇಳುತ್ತಿದ್ದೆ.

ಹಸು ಅವ್ವನದೇ. ಅವಳ ಮದುವೆಯಲ್ಲಿ ತವರಿನವರು ಬಳುವಳಿ ಕೊಟ್ಟ ಹಸುವಿನ ಮರಿಮಗಳೋ ಗಿರಿಮಗಳೋ ಆಗಬೇಕು. ಕರು ದೊಡ್ಡದಾಗಿ ಕುಡಿಯುವುದನ್ನು ಬಿಟ್ಟಿತ್ತು. ಅವ್ವ ಕೂತು ಬೆನ್ನು ಸವರಿದರೆ ಸಾಕು, ಹಾಲು ಇಳಿಸುತ್ತಿತ್ತು.

ಇಂಗ್ಲಿಷಿನಲ್ಲಿ ಹೇಳಿದ ಮಾತು ಕೇಳುವ ಸಾಧು ಕ್ರಿಯಾಪದಗಳಿವೆ, ಕೇಳದ ಪುಂಡು ಕ್ರಿಯಾಪದಗಳಿವೆ. ನಾನು ಸಾಧುಗಳಿಂದ ಶುರು ಮಾಡಿದೆ. ಒಂದು ಹಸು ನಡೆದರೆ ‘ದಿ ಕೌ ವಾಕ್ಸ್’, ಎರಡು ಹಸು ನಡೆದರೆ ‘ದಿ ಕೌಸ್ ವಾಕ್’ ಎಂದೆ. ಆ ಕಡೆ ಹಾಲಿನ ಸದ್ದು ನಿಂತಿತು.

“ಅಂದ್ರೆ ಬಾಲ ಇರೋದು ಒಂದೇಯ?” ಎಂದಳು ಅವ್ವ.

“ಯಾವ ಬಾಲ?”

“ಆ ಸ್ಸು. ಅಸ ಒಂಟಿಯಾಗಿದ್ರೆ ಬಾಲ ಓಗಿ ನಡಿಗೆಗೆ ಅಂಟ್ಕತದೆ. ಜೋಡಿಯಾದ್ರೆ ನಡಿಗೆ ಬುಟ್ಟು ಅಸಕ್ಕೆ ಅಂಟ್ಕತದೆ. ಇಬ್ರಿಗೂ ಒಂದೊಂದು ಕೊಡಾಕೆ ಏನ್ ದಾಡಿ ಬಂದಿತ್ತು ಅವ್ರಿಗೆ?”

ನಾನು ಕಾಯಿ ತುರಿಯುವುದನ್ನು ಬಿಟ್ಟು ಕೂತೆ. ಇಷ್ಟು ವರ್ಷ ಇದೇ ಪಾಠ ಮಾಡಿದ್ದೇನೆ, ಇದು ನನಗೆ ಹೊಳೆದಿರಲಿಲ್ಲ. ಅವತ್ತೇ ತರಗತಿಯಲ್ಲಿ ಬಾಲದ ವಿಷಯ ಹೇಳಿದೆ. ಮಕ್ಕಳು ಪುಸ್ತಕದ ತುಂಬ ಬಾಲ ಬರೆದರು. ಯಾರೂ ವಾಕ್ಯ ಬರೆಯಲಿಲ್ಲ.

ನಾಮಪದಗಳಿಗೂ ಅವ್ವ ತನ್ನ ಲೆಕ್ಕ ಹಾಕಿಕೊಂಡಳು. ಬಸ್ಸು ಒಂದಕ್ಕಿಂತ ಹೆಚ್ಚಾದರೆ ‘ಬಸ್ಸಸ್’ ಎಂದಾಗ, “ಬಸ್ಸಸ್ಸು... ಟೈರ್ ಪಂಚರಾದಂಗದೆ,” ಎಂದಳು. ‘ಬೇಬಿ’ಯ ಕೊನೆಯ ಒಂದು ಅಕ್ಷರ ತೆಗೆದು ಮೂರು ಅಕ್ಷರ ಹಾಕಿದರೆ ‘ಬೇಬೀಸ್’ ಎಂದಾಗ ಮಾತ್ರ ಅವಳಿಗೆ ಇಂಗ್ಲಿಷಿನವರ ಮೇಲೆ ಗೌರವ ಬಂತು. “ಅದು ಸರ್ಯಾಗದೆ ಬುಡು. ಮಕ್ಳು ಎಚ್ಚಾದಂಗೆ ಕರ್ಚು ಎಚ್ಚಾಯ್ತದೆ ತಾನೆ.”

ಎಲ್ಲಕ್ಕಿಂತ ಅವಳಿಗೆ ಹಿಡಿಸಿದ್ದು ಸಾಧು ಕ್ರಿಯಾಪದದ ನಾಲ್ಕು ರೂಪ. ಹಸುವಿಗೂ ನಾಲ್ಕು ಮೊಲೆ. ಅವ್ವ ಒಂದೊಂದು ರೂಪಕ್ಕೆ ಒಂದೊಂದು ಧಾರೆ ಕರೆಯುತ್ತಿದ್ದಳು. ವಾಕು ಚೊರ್, ವಾಕ್ಸು ಚೊರ್, ವಾಕ್ಟು ಚೊರ್, ವಾಕಿಂಗು ಚೊರ್. ಆಮೇಲೆ ಕುಕ್ಕು, ಕುಕ್ಸು, ಕುಕ್ಟು, ಕುಕ್ಕಿಂಗು. ಕೊನೆಯ ‘ಉ’ಕಾರ ಬಿಡು ಎಂದು ನಾನು ಎಷ್ಟು ತಿದ್ದಿದರೂ ಬಿಡಲಿಲ್ಲ. ಅದು ಇದ್ದರೇ ಕೈ ಓಡುವುದು ಎಂದಳು.

ಅಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ತನ್ನದೊಂದು ಸಿದ್ಧಾಂತ ಮಂಡಿಸಿದ. “ಇಷ್ಟ್ ಒದ್ದಾಟ ಯಾಕೆ? ಯಾವ ಇಂಗ್ಲೀಸಿಗಾದ್ರೂ ಇಂದ್ಗಡೆ ‘ಮಾಡು’ ಆಕುದ್ರೆ ಮುಗೀತು. ವಾಕ್ ಮಾಡು, ವಾಕ್ ಮಾಡ್ದ, ವಾಕ್ ಮಾಡ್ತಾವ್ನೆ. ಪಾಪ, ಇಂಗ್ಲೀಸ್ನೋರ್ಗೆ ‘ಮಾಡು’ ಸಿಕ್ಕಿಲ್ಲ, ಅದ್ಕೆ ಬಾಲ ಕಟ್ಕಂಡು ಸಾಯ್ತಾವ್ರೆ.” ಫೋನಿನಲ್ಲಿ ಕೇಳಿದ ನಾನು ಒಪ್ಪಿಕೊಳ್ಳಲೇಬೇಕಾಯಿತು. ನಮ್ಮ ಸ್ಟಾಫ್ ರೂಮಿನಲ್ಲೂ ನಾವು ಟ್ರೈ ಮಾಡುತ್ತೇವೆ, ಅಡ್ಜಸ್ಟ್ ಮಾಡುತ್ತೇವೆ. ನಾಲ್ಕು ರೂಪದ ಗೋಜಿಗೆ ಯಾರೂ ಹೋಗುವುದಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅಪ್ಪ ಡೈರಿಯಲ್ಲಿ ಹಾಲು ಹಾಕಲು ಸಾಲಿನಲ್ಲಿ ನಿಂತವರಿಗೆಲ್ಲ “ಈ ವರ್ಸ ನಮ್ ಅಸ ಎಸ್ಸೆಲ್ಸಿ ಕಟ್ಟದೆ ಕಣ್ರಲಾ,” ಎಂದು ಹೇಳಿ ನಗಿಸಿದ. ಅದು ಅವ್ವನ ಕಿವಿಗೆ ಬೀಳಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಅವಳು ಒಂದು ಬ್ಯಾಗಿಗೆ ಬಟ್ಟೆ, ಪುಸ್ತಕ ತುಂಬಿಕೊಂಡು, “ಪರೀಕ್ಸೆ ಮುಗಿಯೋ ಗಂಟ ಮಗಳ ಮನೇಲಿರ್ತೀನಿ. ಆಲು ನೀವೇ ಕರ್ಕಳಿ,” ಎಂದು ಬಸ್ಸು ಹತ್ತಿದಳು.

“ಓಗು, ಓಗು. ನಂಗೇನ್ ಆಲು ಕರಿಯಾಕೆ ಬರಕಿಲ್ವಾ?” ಎಂದನಂತೆ ಅಪ್ಪ.

ನನ್ನ ಗಂಡ ಹತ್ತಿರದ ಬ್ಲಫ್ ಎಂಬಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿರುವವರು. ಪಾಳಿ ಮುಗಿಸಿ ಬಂದು ಮಲಗಿದರೆ ಅವರಿಂದ ಯಾರಿಗೂ ತೊಂದರೆ ಇಲ್ಲ. ಅವ್ವ ನಮ್ಮ ಮನೆಯಲ್ಲಿ ನೆಮ್ಮದಿಯಾಗಿ ಓದಲು ಕೂತಳು. ಆ ನೆಮ್ಮದಿ ಸಂಜೆಯವರೆಗೆ ಇತ್ತು. ಆಮೇಲೆ ಅಪ್ಪನ ಫೋನು. “ಅಸ ಕಾಲೆತ್ತದೆ.”

ಮಾರನೆಯ ದಿನ ಮತ್ತೆ ಫೋನು. ಪಕ್ಕದ ಮನೆಯವರು ಹಳೇ ಉಪಾಯ ಹೇಳಿಕೊಟ್ಟಿದ್ದರು. ಕರೆಯುವ ಹೆಂಗಸು ಊರಲ್ಲಿಲ್ಲದಿದ್ದರೆ ಅವಳ ಸೀರೆ ಉಟ್ಟು ಕೂರಬೇಕು, ವಾಸನೆಗೆ ಹಸು ಮೋಸಹೋಗುತ್ತದೆ. ಅಪ್ಪ ಪಂಚೆಯ ಮೇಲೆ ಅವ್ವನ ಹಸಿರು ಸೀರೆ ಸುತ್ತಿಕೊಂಡು ಕೂತ. ಹಸು ಸೆರಗು ಮೂಸಿತು, ಪ್ರೀತಿಯಿಂದ ನೆಕ್ಕಿತು, ಆಮೇಲೆ ಒದೆಯಿತು. ದೃಷ್ಟಿಯಾಗಿರಬೇಕೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅದರ ಘಾಟಿಗೆ ಅಪ್ಪನೇ ಸೀನಿ ಸೀನಿ ಸುಸ್ತಾದ. ಕೊನೆಗೆ ದನದ ಡಾಕ್ಟರು ಬಂದು ನೋಡಿ, ಕಾಯಿಲೆ ಏನೂ ಇಲ್ಲ, ಆದರೆ ಹೀಗೇ ಹಾಲು ಕಟ್ಟಿಕೊಂಡರೆ ಕೆಚ್ಚಲು ಬಾವು ಬರುತ್ತದೆ, ಹಸು ಬತ್ತಿಹೋಗುತ್ತದೆ ಎಂದು ಹೇಳಿ ಹೋದರು.

“ಅವ್ಳ ಕಳ್ಸು,” ಎಂದ ಅಪ್ಪ. “ಪರೀಕ್ಸೆ ಮುಂದಿನ್ ವರ್ಸನೂ ಬತ್ತದೆ. ಅಸ ಬತ್ತದಾ?”

ಅವ್ವ ಪಕ್ಕಕ್ಕೆ ಬಂದು ಈ ಕೊನೆಯ ಮಾತು ಕೇಳಿಸಿಕೊಂಡಳು. ಸೋಮವಾರ ಮೊದಲ ಪರೀಕ್ಷೆ. ಎದ್ದು ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ಬಟ್ಟೆ ಮಡಿಸುತ್ತಲೇ ಇತ್ತು. “ಅವ್ವನ ಮನೆ ಅಸ ಕಣವ್ವ ಅದು. ಅದು ಬತ್ತೋದ್ರೆ ನಾ ಪಾಸಾಗಿ ಯಾರಿಗ್ ತೋರುಸ್ಲಿ? ನನ್ ಅಣೇಲಿ ಪೇಲು ಅಂತಲೇ ಬರ್ದಿರೋದು.”

ನನಗೆ ಎಲ್ಲಿತ್ತೋ ಸಿಟ್ಟು, ಬ್ಯಾಗು ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಜಡಿದೆ. ಅವ್ವನ ಮೇಲಲ್ಲ, ಅಪ್ಪನ ಮೇಲೆ. ‘ನೀನು ಕೂತ್ಕೊಂಡು ಓದು, ಹಸ ನಾನು ನೋಡ್ಕೊತೀನಿ’ ಎಂದು ಹೇಳಿ, ಶನಿವಾರ ಶಾಲೆಯ ಗಂಟೆ ಹೊಡೆದದ್ದೇ ಕಿರುಗಾವಲಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅಪ್ಪನಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಮಸೆದುಕೊಂಡೆ.

ಆ ಮಾತೆಲ್ಲ ಕೊಟ್ಟಿಗೆಯ ಬಾಗಿಲಲ್ಲೇ ಹಾರಿಹೋಯಿತು. ಅಪ್ಪ ಹಸಿರು ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಬಕೆಟ್ಟು ಹಿಡಿದು ನಿಂತಿದ್ದ. ಸೆರಗಿನ ಕೆಳಗೆ ಅವನ ದಪ್ಪ ಮೀಸೆ. ನಾನು ಮೇವು ಹಾಕುವ ಗೊಂತಿನ ಕಟ್ಟೆ ಹಿಡಿದುಕೊಂಡು ಕೂತು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ.

“ನಗಬ್ಯಾಡ ಮಗಾ,” ಎಂದ ಅಪ್ಪ. “ಸೊಂಟ ನೋಯ್ತದೆ. ಇದನ್ನ ದಿನಾ ಎಂಗ್ ಉಟ್ಕತೀರೋ ಕಾಣೆ.”

ನಗು ಮುಗಿದ ಮೇಲೆ ಹಸುವನ್ನು ನೋಡಿದೆ. ಅದು ಅಪ್ಪನನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಕಿವಿ ನೆಟ್ಟಗೆ ಮಾಡಿಕೊಂಡು ಗೋಡೆಯ ಗೂಡನ್ನೇ ನೋಡುತ್ತಿತ್ತು. ಗೂಡು ಖಾಲಿ.

“ಅಪ್ಪ, ಅವ್ವ ಹಾಲು ಕರೀವಾಗ ಏನ್ ಮಾಡ್ತಿದ್ಲು?”

“ಏನ್ ಮಾಡ್ತಿದ್ಲು? ಇಂಗ್ಲೀಸು ಒದರ್ತಿದ್ಲು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಇಬ್ಬರೂ ಹಸುವಿನ ಮುಖ ನೋಡಿದೆವು.

ನನ್ನ ಫೋನಿನಲ್ಲಿ ಯಾರದೋ ಇಂಗ್ಲಿಷ್ ಪಾಠ ಹುಡುಕಿ ಗೂಡಿನಲ್ಲಿಟ್ಟೆ. ಆ ಮನುಷ್ಯ ಮೂಗಿನಲ್ಲಿ ಮಾತಾಡುತ್ತಿದ್ದ. ಹಸು ಬಾಲ ಎತ್ತಿ ಗಂಜಲ ಹೊಯ್ದಿತು. ಅವ್ವನಿಗೇ ಫೋನು ಮಾಡಬಹುದಿತ್ತು. ಆದರೆ ಹಸು ತನಗಾಗಿ ಕಾಯುತ್ತಿದೆ ಎಂದು ತಿಳಿದರೆ ಅವಳು ಬೀರು ಒಡೆದುಕೊಂಡಾದರೂ ಬರುತ್ತಿದ್ದಳು. ಹಾಗಾಗಿ ನಾನೇ ನಿಂತು, ಶಾಲೆಯಲ್ಲಿ ಹೇಳುವ ಹಾಗೆ ಸ್ಪಷ್ಟವಾಗಿ, ‘ವಾಕ್, ವಾಕ್ಸ್, ವಾಕ್ಟ್, ವಾಕಿಂಗ್’ ಎಂದೆ. ಹಸುವಿನ ಒಂದು ಕಿವಿ ಅಲುಗಿತು, ಅಷ್ಟೇ. ಥೇಟ್ ನನ್ನ ಆರನೇ ಕ್ಲಾಸು. ಕೊನೆಗೆ ಮರ್ಯಾದೆ ಬಿಟ್ಟು ಅವ್ವನ ರಾಗದಲ್ಲಿ, ಉಕಾರ ಎಲ್ಲ ಸೇರಿಸಿ ಹೇಳಿದೆ.

“ವಾಕು, ವಾಕ್ಸು, ವಾಕ್ಟು, ವಾಕಿಂಗು!”

ಹಸು ಉಸ್ಸೆಂದು ಉಸಿರು ಬಿಟ್ಟಿತು. ಅಪ್ಪ ಮೊಲೆಗೆ ಕೈ ಹಾಕಿದ. ಚೊರ್ರೆಂದು ಹಾಲು ಬಕೆಟ್ಟಿಗೆ ಬಿತ್ತು.

“ಬುಟ್ತು ಕಣವ್ವೋ! ಯೋಳು, ಯೋಳು, ನಿಲ್ಲುಸ್ಬ್ಯಾಡ!” ಎಂದು ಅಪ್ಪ ಕೂಗಿಕೊಂಡ. ನಾನು ಕುಕ್ಕು ಹೇಳಿದೆ, ಜಂಪು ಹೇಳಿದೆ, ವಾಶು ಹೇಳಿದೆ. ಬಕೆಟ್ಟು ತುಂಬಿತು.

ನಿಜವಾದ ಫಜೀತಿ ಆಮೇಲೆ ಶುರುವಾಯಿತು. ನಾನು ಭಾನುವಾರ ಮಧ್ಯಾಹ್ನ ಹೊರಡಬೇಕು. ಆಮೇಲೆ ಹೇಳುವವರು ಯಾರು? ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಅವ್ವ ಇರುತ್ತಾಳೆ, ರೆಕಾರ್ಡ್ ಮಾಡಿಟ್ಟರೆ ಹಚ್ಚಲು ಅಪ್ಪನಿಗೆ ಬರುವುದಿಲ್ಲ.

“ನೀನೇ ಹೇಳ್ಬೇಕು ಅಪ್ಪ.”

“ನಾನಾ? ಇಂಗ್ಲೀಸಾ?” ಅಪ್ಪ ಹಾವು ತುಳಿದವನ ಹಾಗೆ ಹಿಂದೆ ಸರಿದ. ಬಲವಂತ ಮಾಡಿದ ಮೇಲೆ ಬೆಳಗ್ಗೆ ಹಸುವಿನ ಮುಂದೆ ಕೂತು, ತನ್ನ ಸಿದ್ಧಾಂತದ ಪ್ರಕಾರ “ವಾಕ್ ಮಾಡು, ವಾಕ್ ಮಾಡ್ದ,” ಎಂದ. ಹಸು ಮೂರನೆಯದಕ್ಕೆ ಕಾಯಲಿಲ್ಲ. ಬಕೆಟ್ಟು ಹೋಗಿ ಬಾಗಿಲಿಗೆ ಬಡಿಯಿತು.

ಅಪ್ಪ ಎದ್ದು ಸೀರೆ ಕೊಡವಿಕೊಂಡ. “ಇದಾಗೋ ಮಾತಲ್ಲ. ಅವ್ಳನ್ನೇ ಕರ್ಕಂಡ್ ಬಾ.”

ಬಸ್ಸಿನಲ್ಲಿ ಮಸೆದಿಟ್ಟುಕೊಂಡಿದ್ದ ಮಾತೆಲ್ಲ ಆಗ ಒಟ್ಟಿಗೆ ಹೊರಬಂತು. “ನಿಂಗೆ ಅವ್ವ ಪಾಸಾಗೋದು ಬ್ಯಾಡ. ಹಸ ಒದ್ರೆ ನಿಂಗೇ ಕುಸಿ. ಅವ್ಳು ಪರೀಕ್ಷೆ ಬುಟ್ಟು ಬರ್ಲಿ, ಬಂದ ಮೇಲೆ ಇನ್ನೊಂದಷ್ಟು ವರ್ಸ ಪೇಲಾದೋಳು ಪೇಲಾದೋಳು ಅಂತ ನಗಾಡ್ಬೋದಲ್ಲ. ಅವ್ಳು ಪೇಲಾದ್ರೆ ನಿಂಗೇನ್ ಸಿಕ್ತದೆ ಅಪ್ಪ?”

ಅಪ್ಪ ಏನಾದರೂ ಒರಟಾಗಿ ಅನ್ನುತ್ತಾನೆ ಎಂದುಕೊಂಡಿದ್ದೆ. ಅವನು ಗೊಂತಿನ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊ‍ಂಡ.

“ನಾನು ಪೇಲೂ ಆಗಿಲ್ಲ ಕಣವ್ವ,” ಎಂದ. “ಪೇಲಾಗಾಕೂ ಪರೀಕ್ಸೆಗೆ ಕೂರ್ಬೇಕಲ್ಲ. ಏಳ್ನೇ ಕ್ಲಾಸು ಅರ್ಧದಾಗೆ ನಮ್ಮಪ್ಪ ಸಾಲೆ ಬುಡ್ಸಿ ನೇಗ್ಲು ಇಡ್ಸುದ್ರು. ಮದ್ವೇಲಿ ಎಲ್ರೂ ಎಣ್ಣು ಎಸ್ಸೆಲ್ಸಿ ಗಂಟ ಓದದೆ ಅಂದ್ರು. ಗಂಡು ಎಲ್ಲಿಗಂಟ ಅಂತ ಯಾರಾದ್ರೂ ಕೇಳ್ಬುಟ್ರೆ ಅಂತ ನಂಗೆ ಎದೆ ಡವಡವ. ಅವತ್ತಿಂದ ಯಾರು ಬಾಯ್ ತೆಗುದ್ರೂ ನಾ ಮೊದ್ಲು ಅವ್ಳು ಪೇಲಾಗಿದ್ದೇ ಯೋಳ್ಬುಡ್ತೀನಿ. ಎಲ್ಲ ನಕ್ಕಂಡು ನನ್ ಮರ್ತ್‌ಬುಡ್ತಾರೆ.”

ಮದ್ದೂರಿನ ಬೀಗರೂಟ ನನ್ನ ಕಣ್ಣ ಮುಂದೆ ಬಂತು. ಅಲ್ಲಿಯೂ ಪ್ರಶ್ನೆ ಬಂದದ್ದು ಅಪ್ಪನಿಗೇ. ನನ್ನ ಸಿಟ್ಟು ಇಳಿದುಹೋಯಿತು. ಅಪ್ಪನನ್ನು ಕಂಡು ಅಯ್ಯೋ ಎನಿಸಿತು, ಅಳು ಬಂತು. ಸೀರೆ ಉಟ್ಟಿದ್ದನಲ್ಲ, ಅದನ್ನು ನೋಡಿ ನಗುವೂ ಬಂತು. ಎರಡೂ ಒಟ್ಟಿಗೆ ಬಂದು ನನಗೆ ಬಿಕ್ಕಳಿಕೆ ಶುರುವಾಯಿತು.

“ಅವ್ವನಿಗೆ ಇದು ಗೊತ್ತಾ?” ಎಂದೆ.

“ಏಳ್ನೇ ಕ್ಲಾಸು ಅಂತ ಗೊತ್ತು. ಎದೆ ಡವಡವ ಅಂತಿತ್ತು ಅಂತ ಗೊತ್ತಿಲ್ಲ.”

ಅಪ್ಪ ಇನ್ನು ಸುಮ್ಮನೆ ಕೂತಿದ್ದರೆ ಸಾಕಿತ್ತು. ಹಸು ಕಾಲೆತ್ತುತ್ತಿತ್ತು, ಅವ್ವ ಪರೀಕ್ಷೆ ಬಿಟ್ಟು ಬರುತ್ತಿದ್ದಳು, ಅವನ ಗುಟ್ಟು ಸಾಯುವವರೆಗೂ ಕ್ಷೇಮವಾಗಿರುತ್ತಿತ್ತು. ಅವನು ಎದ್ದು ಬಕೆಟ್ಟು ತಂದ. ತಲೆಯ ಮೇಲೆ ಸೆರಗು ಎಳೆದುಕೊಂಡ.

“ಅದೇನು, ಯೋಳ್ಕೊಡು,” ಎಂದ.

ಮಧ್ಯಾಹ್ನದವರೆಗೂ ಹೇಳಿಕೊಟ್ಟೆ. ಅವ್ವನ ಅಡುಗೆ ಕ್ರಿಯಾಪದಗಳು ಅಪ್ಪನ ನಾಲಿಗೆಗೆ ಹತ್ತಲಿಲ್ಲ. ಗೇಯುವವನಿಗೆ ಗೇಯ್ಮೆಯ ಮಾತೇ ಬೇಕು ಎಂದು ‘ಪುಲ್’ ಕೊಟ್ಟೆ. ಅದು ಹಿಡಿಸಿತು. ಹಸಿರು ಸೀರೆಯಲ್ಲಿ ಕೂತು, “ಪುಲ್ಲು, ಪುಲ್ಸು, ಪುಲ್ಡು, ಪುಲ್ಲಿಂಗು!” ಎಂದು ಅಪ್ಪ ಗಂಭೀರವಾಗಿ ಹೇಳುವಾಗ ನಾನು ತುಟಿ ಕಚ್ಚಿಕೊಂಡು ಗೋಡೆ ಕಡೆ ತಿರುಗಿ ನಿಂತೆ. ಹಸು ಯೋಚನೆ ಮಾಡಿತು. ಆಮೇಲೆ ಹಾಲು ಬಿಟ್ಟಿತು.

ಮಳವಳ್ಳಿಗೆ ಬಂದು ಅವ್ವನಿಗೆ ಹಸು ಸರಿಹೋಯಿತು ಎಂದೆ. ಅವಳು ನಂಬಲಿಲ್ಲ. “ಯಾರು ಕರೀತಾವ್ರೆ?” ಎಂದಳು. ಅಪ್ಪನೇ ಎಂದೆ. “ಎಂಗೆ?” ಎಂದಳು. ನಿನ್ನ ಹಸಿರು ಸೀರೆ ಉಟ್ಟುಕೊಂಡು ಎಂದೆ. ಅವ್ವ ಬಿದ್ದು ಬಿದ್ದು ನಕ್ಕಳು. ಮಿಕ್ಕಿದ್ದನ್ನು ನಾನು ಹೇಳಲಿಲ್ಲ. ನಕ್ಕ ಹೆಂಗಸು ಓದುತ್ತಾಳೆ, ಅಷ್ಟು ಸಾಕಾಗಿತ್ತು.

ಇಂಗ್ಲಿಷ್ ಪರೀಕ್ಷೆಯ ದಿನ ಅವಳು ಹೊರಬಂದು ಹೇಳಿದ್ದು ಇದು. ಭೂತಕಾಲದ ರೂಪ ಬರೆಯಿರಿ ಎಂಬ ಕಡೆ ತಲೆಯೆಲ್ಲ ಖಾಲಿಯಾಯಿತಂತೆ. ಪೆನ್ನು ಕೆಳಗಿಟ್ಟು, ಎರಡೂ ಕೈಯನ್ನು ಮೇಜಿನ ಕೆಳಗೆ ಬಿಟ್ಟು, ಕಣ್ಣು ಮುಚ್ಚಿ ಹಾಲು ಕರೆಯತೊಡಗಿದಳಂತೆ. ನೆನಪು ಒಂದೊಂದೇ ಇಳಿಯಿತು. ಕೊಠಡಿಯ ಮೇಲ್ವಿಚಾರಕರು ಚೀಟಿ ಇರಬೇಕೆಂದು ಓಡಿ ಬಂದರು.

“ಕೈ ಕೆಳಗೆ ಏನಮ್ಮ ಮಾಡ್ತಿದ್ದೀರಿ?”

“ಆಲು ಕರೀತಾ ಇವ್ನಿ ಸಾರ್. ಇನ್ನೊಂದೇ ಮೊಲೆ ಬಾಕಿ ಅದೆ.”

ಆ ಮೇಷ್ಟ್ರು ಮತ್ತೆ ಅವಳ ಕಡೆ ಸುಳಿಯಲಿಲ್ಲವಂತೆ.

ಎಲ್ಲ ಪರೀಕ್ಷೆ ಮುಗಿದ ಸಂಜೆ ಅವ್ವನನ್ನು ಊರಿಗೆ ಬಿಡಲು ನಾನೂ ಹೋದೆ. ಹಟ್ಟಿಬಾಗಿಲಿಗೆ ಬರುವ ಹೊತ್ತಿಗೆ ಕೊಟ್ಟಿಗೆಯಿಂದ ಅಪ್ಪನ ದನಿ ಕೇಳಿಸಿತು. ಪುಲ್ಲು ದಾಟಿ ತುಂಬ ಮುಂದೆ ಹೋಗಿದ್ದ. “ಬಸ್ಸು, ಬಸ್ಸಸ್ಸು. ಬೇಬಿ, ಬೇಬೀಸು. ಕೌವು, ಕೌಸು,” ಎಂದು ಒಂದೊಂದು ಧಾರೆಗೆ ಒಂದೊಂದು ಹೇಳುತ್ತಿದ್ದ. ಅವ್ವ ಅಲ್ಲೇ ನಿಂತಳು. ನಾನು ಅವಳ ಕಿವಿಯಲ್ಲಿ ಎಲ್ಲ ಹೇಳಿದೆ, ಡವಡವ ಕೂಡ. ಹೇಳಿದೆನಲ್ಲ, ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಅವ್ವ ಬ್ಯಾಗು ಕೆಳಗಿಟ್ಟು ಒಳಗೆ ಹೋದಳು. ಅಪ್ಪ ಅವಳನ್ನು ಕಂಡು ಕಲ್ಲಾದ. ಹಾಲು ನಿಂತಿತು. ಹಸು ಅಸಮಾಧಾನದಿಂದ ತಿರುಗಿ ನೋಡಿತು. ಅವ್ವ ಹತ್ತಿರ ಹೋಗಿ ಅವನ ಹೆಗಲಿನಿಂದ ಜಾರಿದ್ದ ಸೆರಗನ್ನು ಎತ್ತಿ ಸರಿಮಾಡಿದಳು.

“ಸೆರಗು ಸಗಣಿಗ್ ಬೀಳ್ತಾ ಅದೆ,” ಎಂದಳು. “ಊಂ, ನಿಲ್ಲುಸ್ಬ್ಯಾಡಿ. ಅಸ ಕಾಯ್ತಾ ಅದೆ.”

ಅಪ್ಪ ಗಂಟಲು ಸರಿಮಾಡಿಕೊಂಡು ಮುಂದುವರಿಸಿದ. ಅವ್ವ ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕೇಳಿದಳು. ಒಂದು ಸಲವೂ ತಿದ್ದಲಿಲ್ಲ.

ಫಲಿತಾಂಶ ಬಂತು. ಅವ್ವ ಆರರಲ್ಲೂ ಪಾಸು, ಇಂಗ್ಲಿಷಿನಲ್ಲಿ ಮಾತ್ರ ತೇಕುತ್ತ ತೇಕುತ್ತ ದಡ ಮುಟ್ಟಿದ್ದಳು. ನಾನು ಫೋನಿನಲ್ಲೇ ಕಿರುಚಾಡಿದೆ. ಅಪ್ಪ “ಊಂ,” ಎಂದ, ಅಷ್ಟೇ. ಡೈರಿಯಲ್ಲಿ ಎಲ್ಲರನ್ನೂ ನಗಿಸಿದ್ದ ಮನುಷ್ಯ ಈ ಸುದ್ದಿಯನ್ನು ಅಲ್ಲಿ ಬಾಯಿಬಿಡಲೇ ಇಲ್ಲ. ಅವ್ವನೂ ಕೇಳಲಿಲ್ಲ. ಪೇಲಾದದ್ದು ಊರಿಗೆಲ್ಲ ಗೊತ್ತು, ಪಾಸಾದದ್ದು ಕೊಟ್ಟಿಗೆಗೆ ಮಾತ್ರ ಗೊತ್ತು ಎಂದು ನನ್ನ ಹೊಟ್ಟೆ ಉರಿಯಿತು.

ಆಮೇಲೆ ಮದ್ದೂರಿನ ಬೀಗರು ಬೋರ್‌ವೆಲ್ಲಿನಲ್ಲಿ ನೀರು ಬಿತ್ತೆಂದು ಬಾಡೂಟ ಹಾಕಿಸಿದರು. ಮತ್ತೆ ಅದೇ ಸಾಲು, ಅದೇ ಸಾರು. ಎದುರಿಗೆ ಅದೇ ದೊಡ್ಡಪ್ಪ. ಅವರು ಅಪ್ಪನನ್ನು ಮೊದಲ ಸಲ ಕಂಡವರ ಹಾಗೆ ನೋಡಿ ಕೇಳಿದರು.

“ಬೀಗ್ರು ಎಲ್ಲಿಗಂಟ ಓದಿದ್ದೀರಿ?”

ಮುದ್ದೆ ಮುರಿಯುತ್ತಿದ್ದ ಅಪ್ಪನ ಕೈ ನಿಂತಿತು. ನನ್ನ ಎದೆಯೂ ಡವಡವ ಎಂದಿತು. ಅವ್ವ ತಲೆ ಎತ್ತಲಿಲ್ಲ. ಸಾಲಿನಲ್ಲಿ ಹೋದ ಸಲ ನಕ್ಕವರೇ ಈ ಸಲವೂ ನಗಲು ಸಿದ್ಧರಾಗಿ ಕೂತಿದ್ದರು.

“ಏಳ್ನೇ ಕ್ಲಾಸು ಬೀಗ್ರೆ,” ಎಂದ ಅಪ್ಪ, ಎಲ್ಲರಿಗೂ ಕೇಳುವ ಹಾಗೆ. “ಅದೂ ಅರ್ಧ. ಪರೀಕ್ಸೆಗೆ ಕೂತಿಲ್ಲ. ಇವ್ಳು ಎಸ್ಸೆಲ್ಸಿ ಪಾಸು. ಇಂಗ್ಲೀಸೂ ಪಾಸು.”

ಯಾರೂ ನಗಲಿಲ್ಲ. ದೊಡ್ಡಪ್ಪ “ಅಂಗಾ? ಸಾರು ಆಕುಸ್ಕಳಿ,” ಎಂದು ಪಕ್ಕದವನ ಓದು ವಿಚಾರಿಸಲು ತಿರುಗಿದರು.

ಅವ್ವನ ಎಲೆಯಲ್ಲಿ ನಲ್ಲಿಮೂಳೆ ಬಿದ್ದಿತ್ತು. ಬೀಗರೂಟದ ದಿನದಿಂದ ಅವಳು ಒಂದೂ ಮೂಳೆ ದಾಟಿಸಿರಲಿಲ್ಲ. ಈಗ ಎತ್ತಿಕೊಂಡು ಅಪ್ಪನ ಎಲೆಗೆ ಹಾಕಿದಳು. ಅಪ್ಪ ಅದನ್ನು ಕುಟ್ಟಿ, ಅರ್ಧ ಹೀರಿ, ಅವಳ ಎಲೆಗೆ ವಾಪಸ್ಸು ಇಟ್ಟ.

“ಥೂ, ಎಂಜ್ಲು,” ಎಂದು ಬೈದು, ಅವ್ವ ಮಿಕ್ಕ ಅರ್ಧವನ್ನು ಹೀರಿದಳು.